ಗುಬ್ಬಚ್ಚಿಯೂ ಗೋಪುರವೂ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿ ಹೆಬ್ಬಾಳವನ್ನು ದಾಟಿದರೆ, ಯಲಹಂಕಕ್ಕೆ ಮುಂಚೆ ಅಲ್ಲಾಳಸಂದ್ರವೆಂಬ ಊರು ಸಿಗುತ್ತದೆ. ಊರೆಂದು ಕರೆಯುವುದು ಹಳೆಯ ಅಭ್ಯಾಸದಿಂದ. ಈಗ ಅದು ಮಹಾನಗರದ ಒಂದು ಬಡಾವಣೆ. ಬೆಂಗಳೂರಿನ ಸುತ್ತಮುತ್ತಲ ಊರುಗಳ ಹೆಸರಿನ ಕೊನೆಯಲ್ಲಿ ಕಾಣುವ ‘ಸಂದ್ರ’ ಎಂಬುದು ‘ಸಮುದ್ರ’ ಎಂಬ ಮಾತಿನಿಂದ ಬಂದದ್ದು. ನಮ್ಮ ಹಿರಿಯರು ತಾವು ಕಟ್ಟಿದ ದೊಡ್ಡ ಕೆರೆಯನ್ನು ಅಭಿಮಾನದಿಂದ ಸಮುದ್ರವೆಂದೇ ಕರೆದರು. ಅಲ್ಲಾಳಸಂದ್ರದ ಕೆರೆ ಇಂದಿಗೂ ಉಳಿದಿದೆ. ಸಂಜೆಯ ಹೊತ್ತು ಅದರ ದಡದಲ್ಲಿ ಅಡ್ಡಾಡಿ ಬರುವವರು ದಾರಿಯಲ್ಲಿರುವ ಒಂದು ಸಣ್ಣ ಟೀ ಅಂಗಡಿಯ ಮುಂದೆ ಅರ್ಧ ಗಳಿಗೆ ನಿಲ್ಲುತ್ತಾರೆ. ನಾನೂ ಅವರಲ್ಲಿ ಒಬ್ಬ.

ಆ ಅಂಗಡಿಯ ಮುಂದೆ ಚರ್ಚೆಗೆ ಬಾರದ ವಿಷಯವಿಲ್ಲ. ಯಾವ ಮೊಬೈಲಿನ ಬ್ಯಾಟರಿ ಎರಡು ದಿನ ಬರುತ್ತದೆ, ವಿದ್ಯುತ್ ಸ್ಕೂಟರು ಕೊಳ್ಳುವುದು ಲಾಭವೋ ನಷ್ಟವೋ, ಹೊಸ ಲಸಿಕೆ ಒಳ್ಳೆಯದೋ ಕೆಟ್ಟದ್ದೋ, ಎಲ್ಲಕ್ಕೂ ಅಲ್ಲಿ ತೀರ್ಪು ಸಿಗುತ್ತದೆ. 2023ರ ಆಗಸ್ಟ್ 23ರ ಸಂಜೆ ನಮ್ಮ ವಿಕ್ರಮ ನೌಕೆ ಚಂದ್ರನ ದಕ್ಷಿಣ ಧ್ರುವಕ್ಕೆ ಸಮೀಪದ ನೆಲದ ಮೇಲೆ ಇಳಿದಾಗ, ಅಲ್ಲಿ ನಿಂತವರೆಲ್ಲರೂ ಖಗೋಳ ವಿಜ್ಞಾನಿಗಳೇ ಆಗಿದ್ದರು. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಸಾಮಾನ್ಯ ಜನ ವಿಜ್ಞಾನವನ್ನು ಕುರಿತು ಮಾತನಾಡುವ ನಾಡು ಆರೋಗ್ಯವಾಗಿದೆ ಎಂದೇ ನನ್ನ ಭಾವನೆ. ಆದರೆ ಆಡುವ ಮಾತಿಗೂ ಅರಿತ ಮಾತಿಗೂ ನಡುವೆ ಒಂದು ಅಂತರವಿದೆ. ಆ ಅಂತರವನ್ನು ನನಗೆ ಮನಗಾಣಿಸಿದ್ದು ಒಂದು ದಿನ ಅಲ್ಲಿ ನಡೆದ ಗುಬ್ಬಚ್ಚಿಯ ಮಾತು.

ಮಾತನ್ನು ತೆಗೆದವನು ಆಟೋ ಓಡಿಸುವ ಒಬ್ಬ ಯುವಕ.

“ಅಲ್ಲ ಮೇಷ್ಟ್ರೇ, ಈ ಕಡೆ ಗುಬ್ಬಚ್ಚಿ ಕಂಡು ಎಷ್ಟು ಕಾಲವಾಯಿತು? ನಾನು ಚಿಕ್ಕವನಾಗಿದ್ದಾಗ ಮನೆಯೊಳಕ್ಕೇ ಬರುತ್ತಿದ್ದವು.”

ನಿವೃತ್ತ ಮೇಷ್ಟ್ರು ಎದುರು ಮನೆಯ ಮಾಳಿಗೆಯ ಮೇಲೆ ನಿಂತಿದ್ದ ಮೊಬೈಲ್ ಗೋಪುರದತ್ತ ಕೈ ತೋರಿದರು. “ಎಲ್ಲಿಂದ ಬರಬೇಕಪ್ಪ? ಅದೋ ನೋಡು, ನಿಂತಿದ್ದಾನಲ್ಲ ರಾಕ್ಷಸ! ಅದರ ವಿಕಿರಣಕ್ಕೆ ಗುಬ್ಬಿಯ ಮೊಟ್ಟೆಗಳೆಲ್ಲ ಬೆಂದುಹೋಗುತ್ತವಂತೆ.”

“ಸಿನಿಮಾದಲ್ಲೇ ತೋರಿಸಿದ್ದಾರಲ್ಲ ಸಾರ್” ಎಂದು ಅಂಗಡಿಯವನು ಟೀ ಸೋಸುತ್ತಲೇ ಸಾಕ್ಷಿ ನುಡಿದ. “ಈಗ 5ಜಿ ಬೇರೆ ಬಂದಿದೆ. ಇನ್ನು ಕಾಗೆಯೂ ಉಳಿಯುವುದಿಲ್ಲ” ಎಂದು ಮತ್ತೊಬ್ಬರು ದನಿಗೂಡಿಸಿದರು.

ಅಷ್ಟರಲ್ಲಿ ಮೇಷ್ಟ್ರ ಮೊಬೈಲು ಕರೆಯಿತು. ಅವರು ಕಿವಿಗಿಟ್ಟುಕೊಂಡು “ಹಲೋ, ಹಲೋ” ಎಂದು ಕೂಗುತ್ತ ರಸ್ತೆಯ ಆ ಕಡೆಗೆ ಹೋದರು, ಈ ಕಡೆಗೆ ಬಂದರು. ಕೊನೆಗೆ ಬೇಸತ್ತು ಮರಳಿ, “ಏನು ಕರ್ಮವಪ್ಪ! ಇಲ್ಲಿ ಸಿಗ್ನಲ್ಲೇ ಸಿಕ್ಕುವುದಿಲ್ಲ. ಇನ್ನೊಂದು ಟವರ್ ಹಾಕಿಸಬಾರದೆ?” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಸ್ವಲ್ಪ ತಡವಾಗಿ ಮೇಷ್ಟ್ರೂ ನಕ್ಕರು.

ನಗದೆ ಇದ್ದವಳು ಪಕ್ಕದಲ್ಲಿ ಸೊಪ್ಪಿನ ಕಂತೆಗಳಿಗೆ ನೀರು ಚಿಮುಕಿಸುತ್ತ ಕುಳಿತಿದ್ದ ಅಜ್ಜಿ ಒಬ್ಬಳೇ. ಅವಳು ತಲೆಯೆತ್ತಿ ಹೇಳಿದಳು: “ನಮ್ಮ ಹಳೇ ಮನೇಲಿ ಹೆಂಚಿನ ಸಂದೀಲಿ ನಾಕು ಗೂಡು ಇದ್ವು ಸ್ವಾಮಿ. ಮನೆ ಕೆಡವಿ ನನ್ನ ಮಗ ಮೂರಂತಸ್ತು ಕಟ್ಟಿಸ್ದ. ಈಗ ಗೋಡೇಗೆ ಒಂದು ಮೊಳೆ ಹೊಡೆಯಕ್ಕೂ ಬಿಡಲ್ಲ. ಗುಬ್ಬಿ ಬಂದು ಎಲ್ಲಿ ಕೂತ್ಕೊಬೇಕು, ನನ್ನ ತಲೇ ಮೇಲಾ?”

ಯಾರೂ ಉತ್ತರ ಕೊಡಲಿಲ್ಲ. ನನಗಂತೂ ಆ ರಾತ್ರಿ ಅವಳ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಏಕೆಂದರೆ ಗೋಪುರವೇ ಗುಬ್ಬಿಯನ್ನು ಕೊಂದಿತೆಂದು ನಾನೂ ಅನೇಕರ ಮುಂದೆ ಹೇಳಿದ್ದೆ. ಮಕ್ಕಳ ಮುಂದೆಯೂ ಹೇಳಿದ್ದೆ. ಎಲ್ಲಿ ಓದಿದೆ, ಯಾರಿಂದ ಕೇಳಿದೆ ಎಂದು ಯೋಚಿಸಿದರೆ ನೆನಪಾಗಲಿಲ್ಲ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎಂದವರ ಸಾಲಿನಲ್ಲಿ ನಾನೂ ನಿಂತಿದ್ದೆ. ಆ ಮೇಲೆ ಈ ವಿಷಯದಲ್ಲಿ ಏನು ತಿಳಿದಿದೆ ಎಂದು ಹುಡುಕಿ ಓದತೊಡಗಿದೆ.

ಮೊದಲು ಗೋಪುರದ ಮೇಲಿನ ಆರೋಪವನ್ನು ನೋಡೋಣ. ಗೋಪುರದಿಂದ ಹೊರಡುವುದು ವಿದ್ಯುತ್ಕಾಂತೀಯ ತರಂಗ. ರೇಡಿಯೋ ತರಂಗ, ನಾವು ಕಾಣುವ ಬೆಳಕು, ಆಸ್ಪತ್ರೆಯ ಕ್ಷಕಿರಣ, ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಆದರೆ ಇವುಗಳ ಶಕ್ತಿ ಒಂದೇ ಅಲ್ಲ. ಕ್ಷಕಿರಣಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿಯಿದೆ; ಮೊಬೈಲಿನ ತರಂಗಕ್ಕೆ ಅದಿಲ್ಲ. ಅದು ಪ್ರಬಲವಾಗಿದ್ದಲ್ಲಿ ವಸ್ತುವನ್ನು ಬಿಸಿ ಮಾಡಬಲ್ಲದು. ಆ ಕಾರಣದಿಂದಲೇ ಅದಕ್ಕೊಂದು ಮಿತಿಯನ್ನು ಗೊತ್ತುಮಾಡುತ್ತಾರೆ. ಭಾರತ ಸರ್ಕಾರವು 2012ರ ಸೆಪ್ಟೆಂಬರ್ 1ರಿಂದ ಗೋಪುರಗಳಿಗೆ ವಿಧಿಸಿದ ಮಿತಿ, ಅಂದು ಅಂತರರಾಷ್ಟ್ರೀಯವಾಗಿ ಸೂಚಿಸಿದ್ದ ಮಿತಿಯ ಹತ್ತನೆಯ ಒಂದು ಭಾಗ.

ಹಾಗಾದರೆ ಆರೋಪಕ್ಕೆ ಆಧಾರವೇ ಇಲ್ಲವೆ? ಇದೆ, ಅದನ್ನು ಮುಚ್ಚಿಡಬಾರದು. 2007ರಲ್ಲಿ ಬೆಲ್ಜಿಯಂ ದೇಶದ ಇಬ್ಬರು ಸಂಶೋಧಕರು ಜನವಸತಿಯ ಪ್ರದೇಶಗಳಲ್ಲಿ ಗಂಡು ಗುಬ್ಬಿಗಳನ್ನು ಎಣಿಸಿ, ತರಂಗ ಪ್ರಬಲವಾಗಿದ್ದ ಕಡೆ ಅವುಗಳ ಸಂಖ್ಯೆ ಕಡಿಮೆಯೆಂದು ಕಂಡರು. ನಮ್ಮ ಕೇಂದ್ರ ಪರಿಸರ ಸಚಿವಾಲಯವೂ 2010ರಲ್ಲಿ ಒಂದು ತಜ್ಞ ಸಮಿತಿಯನ್ನು ನೇಮಿಸಿತು. ಅದು ಹಕ್ಕಿಗಳ ಮತ್ತು ಜೇನ್ನೊಣಗಳ ಮೇಲೆ ಗೋಪುರಗಳ ಪರಿಣಾಮವನ್ನು ಕುರಿತ ಬರೆಹಗಳನ್ನು ಪರಿಶೀಲಿಸಿ, ಎಚ್ಚರಿಕೆ ವಹಿಸಬೇಕೆಂದು ಸಲಹೆ ಮಾಡಿತು. ಆದ್ದರಿಂದ ಗೋಪುರದ ಮೇಲೆ ಅನುಮಾನ ಪಡುವುದು ಮೂಢತನವಲ್ಲ.

ಆದರೆ ಅನುಮಾನ ಒಂದು, ತೀರ್ಪು ಮತ್ತೊಂದು. ಬೆಲ್ಜಿಯಂನ ಎಣಿಕೆ ಅಲ್ಪಕಾಲದ್ದು. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದು ಅದು ಹೇಳಿತೇ ಹೊರತು, ಒಂದರಿಂದಲೇ ಮತ್ತೊಂದು ಆಯಿತೆಂದು ಸಿದ್ಧಪಡಿಸಲಿಲ್ಲ. ಗೋಪುರಗಳು ದಟ್ಟವಾಗಿರುವ ಕಡೆ ಕಟ್ಟಡಗಳೂ ದಟ್ಟವಾಗಿರುತ್ತವೆ, ವಾಹನಗಳೂ ಹೆಚ್ಚು, ಮಣ್ಣಿನ ಅಂಗಳಗಳು ಕಡಿಮೆ. ಇವುಗಳಲ್ಲಿ ಯಾವುದು ಗುಬ್ಬಿಯನ್ನು ಓಡಿಸಿತು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮವರು ಗಾದೆ ಮಾಡಿರುವುದು ಇಂಥ ಕಡೆ ತಾಳ್ಮೆ ಇರಲೆಂದೇ.

ಟೀ ಅಂಗಡಿಯವನು ನೆನೆದ ಸಿನಿಮಾ ‘2.0’ ಎಂಬುದು. 2018ರ ನವೆಂಬರಿನಲ್ಲಿ ಅದು ತೆರೆಕಂಡಿತು. ಮೊಬೈಲಿನ ವಿಕಿರಣದಿಂದ ಹಕ್ಕಿಗಳು ಸಾಯುತ್ತವೆಂಬುದೇ ಅದರ ಕಥೆಯ ಮೂಲ. ಅದೇ ಕಾಲಕ್ಕೆ ನೆದರ್ಲೆಂಡ್ಸಿನ ಹೇಗ್ ನಗರದ ಉದ್ಯಾನವೊಂದರಲ್ಲಿ, ಗೊರವಂಕದ ಬಳಗಕ್ಕೆ ಸೇರಿದ ಮುನ್ನೂರಕ್ಕೂ ಹೆಚ್ಚು ಹಕ್ಕಿಗಳು ಸತ್ತುಬಿದ್ದವು. 5ಜಿ ಪರೀಕ್ಷೆಯಿಂದ ಸತ್ತವೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಲೋಕವನ್ನೆಲ್ಲ ಸುತ್ತಿತು. ಆದರೆ ಆ ನಗರದಲ್ಲಿ ಅಂಥ ಪರೀಕ್ಷೆ ನಡೆದಿದ್ದುದು ಜೂನ್ ತಿಂಗಳಲ್ಲಿ. ಹಕ್ಕಿಗಳು ಸತ್ತದ್ದು ಅದಾದ ಎಷ್ಟೋ ತಿಂಗಳ ಮೇಲೆ. ಈ ಒಂದು ಸಂಗತಿಯನ್ನು ಕೇಳಿ ತಿಳಿಯುವ ವ್ಯವಧಾನ ಕೋಟ್ಯಂತರ ಬೆರಳುಗಳಿಗೆ ಇರಲಿಲ್ಲ.

ಇನ್ನು ಹಿಂದಿನ ಕಾಲಕ್ಕೆ ಹೋಗೋಣ. ಮೊಬೈಲು ಹುಟ್ಟುವುದಕ್ಕೆ ಬಹಳ ಮುಂಚೆ, 1921ರಲ್ಲಿ, ಅಮೆರಿಕದ ಡೆನ್ವರ್ ನಗರದ ಪಕ್ಷಿವೀಕ್ಷಕರೊಬ್ಬರು ತಮ್ಮ ಊರಿನಲ್ಲಿ ಗುಬ್ಬಿಗಳು ಕಡಿಮೆಯಾಗುತ್ತಿರುವುದನ್ನು ಕುರಿತು ಬರೆದರು. ಕುದುರೆ ಗಾಡಿಗಳ ಜಾಗಕ್ಕೆ ಮೋಟಾರುಗಳು ಬಂದಿದ್ದವು. ಕುದುರೆಗೆ ಹಾಕಿದ ಧಾನ್ಯ, ಅದರ ಲದ್ದಿಯಲ್ಲಿ ಉಳಿದ ಕಾಳು, ಇವು ಬೀದಿಯಿಂದ ಮಾಯವಾದಾಗ ಗುಬ್ಬಿಯೂ ಬೀದಿಯನ್ನು ಬಿಟ್ಟಿತೆಂದು ಅವರು ಊಹಿಸಿದರು. ಬ್ರಿಟನ್ನಿನ ಹೊಲಗದ್ದೆಗಳಲ್ಲಿ ಗುಬ್ಬಿಗಳು ಇಳಿಮುಖವಾದದ್ದು 1970ರ ದಶಕದ ಕೊನೆಯಿಂದ. ಅಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1985ರಲ್ಲಿ. ಅಪರಾಧ ನಡೆದ ಕಾಲಕ್ಕೆ ಹುಟ್ಟದೆ ಇದ್ದವನನ್ನು ಅಪರಾಧಿಯೆನ್ನುವುದು ಹೇಗೆ?

ನಮ್ಮ ನಾಡಿನ ಸಂಗತಿ ಏನು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಕೆಲವರು ಅಲ್ಲಾಳಸಂದ್ರದ ನೆರೆಹೊರೆಯವರೇ ಎಂಬುದು ನನಗೆ ಆಶ್ಚರ್ಯವನ್ನೂ ಸಂತೋಷವನ್ನೂ ತಂದಿತು. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಿದೆ. ಜಕ್ಕೂರಿನ ಬಳಿ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯಿದೆ. ಇವೆರಡೂ ಸೇರಿ ಹತ್ತು ಸಂಸ್ಥೆಗಳು ಕೂಡಿ 2020ರ ಫೆಬ್ರವರಿಯಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತ ವರದಿಯೊಂದನ್ನು ಹೊರತಂದವು. ದೇಶದ 867 ಜಾತಿಯ ಹಕ್ಕಿಗಳ ವಿಚಾರ ಅದರಲ್ಲಿದೆ. ಅದಕ್ಕೆ ಆಧಾರವಾದದ್ದು ಸುಮಾರು 15,500 ಪಕ್ಷಿವೀಕ್ಷಕರು ಬರೆದಿಟ್ಟ ಒಂದು ಕೋಟಿಗೂ ಮಿಕ್ಕಿದ ದಾಖಲೆಗಳು. ಆ ವೀಕ್ಷಕರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ. ಶಿಕ್ಷಕರು, ನೌಕರರು, ಗೃಹಿಣಿಯರು, ವಿದ್ಯಾರ್ಥಿಗಳು. ಅವರು ಮಾಡಿದ್ದು ಇಷ್ಟೆ: ಒಂದು ಕಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ, ಸ್ಥಳವನ್ನೂ ಹೊತ್ತನ್ನೂ ಸೇರಿಸಿ ಬರೆದಿಟ್ಟರು. ಬರೆದಿಡುವುದಕ್ಕೆ ಅವರು ಬಳಸಿದ ಸಾಧನ ಬಹಳ ಮಟ್ಟಿಗೆ ಅದೇ ಮೊಬೈಲು!

ಆ ವರದಿ ಹೇಳುವಂತೆ, ದೇಶವನ್ನು ಒಟ್ಟಾಗಿ ನೋಡಿದರೆ ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಆದರೆ ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬಯಿ ಎಂಬ ಆರು ಮಹಾನಗರಗಳಲ್ಲಿ ಅದು ಮೆಲ್ಲಮೆಲ್ಲನೆ ಇಳಿದಿದೆ. ಗೋಪುರಗಳಾದರೋ ಹಳ್ಳಿಹಳ್ಳಿಗಳಲ್ಲಿಯೂ ಎದ್ದು ನಿಂತಿವೆ. ಇದರಿಂದ ಗೋಪುರ ನಿರಪರಾಧಿಯೆಂದು ಸಂಪೂರ್ಣವಾಗಿ ಸಾಬೀತಾಯಿತೆಂದು ನಾನು ಹೇಳುವುದಿಲ್ಲ. ಅದೊಂದೇ ಅಪರಾಧಿಯೆಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಈಗ ಸೊಪ್ಪಿನ ಅಜ್ಜಿಯ ಪ್ರಶ್ನೆಗೆ ಮರಳಬೇಕು. ಗುಬ್ಬಿ ಮರದ ಕೊಂಬೆಯ ಮೇಲೆ ಬಟ್ಟಲಿನಂಥ ಗೂಡನ್ನು ಕಟ್ಟುವ ಹಕ್ಕಿಯಲ್ಲ. ಅದಕ್ಕೆ ಸಂದು ಬೇಕು, ಬಿಲ ಬೇಕು, ಮಾಡಿನ ಮರೆ ಬೇಕು. ನಾಡಹೆಂಚಿನ ಮನೆಯಲ್ಲಿ ಜಂತೆಗೂ ಗೋಡೆಗೂ ನಡುವೆ ಅದಕ್ಕೆ ಬೇಕಾದಷ್ಟು ಜಾಗವಿತ್ತು. ಗೋಡೆಗೆ ತೂಗುಹಾಕಿದ ದೇವರ ಪಟದ ಹಿಂದೆಯೂ ಅದು ಸಂಸಾರ ಹೂಡುತ್ತಿತ್ತು. ಕಾಂಕ್ರೀಟಿನ ನುಣುಪು ಗೋಡೆ, ಗಾಜಿನ ಕಿಟಕಿ, ಬಿಗಿದ ಜಾಲರಿ ಇವು ಅದಕ್ಕೆ ಬಾಗಿಲು ಮುಚ್ಚಿವೆ. ಎರಡನೆಯದು ಆಹಾರ. ಈ ಭಾಗದ ಹಳ್ಳಿಗಳಲ್ಲಿ ರಾಗಿಯ ಕಣಗಳಿದ್ದವು. ಹೆಂಗಸರು ಅಂಗಳದಲ್ಲಿ ಮೊರ ಹಿಡಿದು ಕೇರುವಾಗ ಚೆಲ್ಲಿದ ಕಾಳಿಗೆ ಗುಬ್ಬಿಗಳು ಮುಗಿಬೀಳುತ್ತಿದ್ದವು. ದಿನಸಿ ಅಂಗಡಿಯ ಮುಂದೆ ಬಾಯಿ ತೆರೆದ ಗೋಣಿಚೀಲಗಳಿದ್ದವು. ಇಂದು ಧಾನ್ಯವೆಲ್ಲ ಪ್ಲಾಸ್ಟಿಕ್ ಪೊಟ್ಟಣದೊಳಗೆ ಸೇರಿದೆ.

ಮೂರನೆಯದು ಬಹಳ ಮಂದಿಗೆ ತಿಳಿಯದ ಸಂಗತಿ. ಕಾಳು ತಿಂದು ಬದುಕುವ ಗುಬ್ಬಿ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳನ್ನು ಕೊಡುವುದಿಲ್ಲ. ಮೆತ್ತನೆಯ ಹುಳುಹುಪ್ಪಟೆಗಳನ್ನು ತಂದು ಉಣಿಸುತ್ತದೆ. ಬೇಲಿಯ ಪೊದೆ, ಹಿತ್ತಿಲ ಗಿಡ, ಕೆರೆಯಂಚಿನ ಹುಲ್ಲು ಇದ್ದಲ್ಲಿ ಹುಳುಗಳಿರುತ್ತವೆ. ನೆಲಕ್ಕೆಲ್ಲ ಕಲ್ಲು ಹಾಸಿ, ಉಳಿದ ಗಿಡಕ್ಕೆ ಕೀಟನಾಶಕ ಹೊಡೆದರೆ ಮರಿ ಹಸಿವಿನಿಂದ ಸಾಯುತ್ತದೆ. ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ತರುವಾಯ, ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಹೊಲ ತೋಟಗಳು ಹೋಗಿ ಬಡಾವಣೆಗಳೂ ಮಹಡಿಗಳೂ ಎದ್ದುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಕಂಡೂ ಗುಬ್ಬಿಯ ವಿಷಯ ಬಂದಾಗ ಮಾಳಿಗೆಯ ಮೇಲಿನ ಗೋಪುರವನ್ನಷ್ಟೇ ತೋರಿಸುತ್ತೇವೆ.

ಏಕೆ ಹೀಗೆ? ಯೋಚಿಸಿ ನೋಡಿದರೆ ಇದರ ಗುಟ್ಟು ನಮ್ಮ ಮನಸ್ಸಿನಲ್ಲಿಯೇ ಇದೆ. ಗೋಪುರ ಅನ್ಯರದು, ಯಾವುದೋ ಕಂಪನಿಯದು. ಅದನ್ನು ದೂರಿದರೆ ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ. ಆದರೆ ಹೆಂಚಿನ ಮನೆಯನ್ನು ಕೆಡವಿದವರು ನಾವು, ಅಂಗಳಕ್ಕೆ ಕಲ್ಲು ಹಾಸಿದವರು ನಾವು, ಬೇಲಿಯನ್ನು ಕಿತ್ತು ಗೋಡೆ ಎಬ್ಬಿಸಿದವರು ನಾವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ಅಭಿಪ್ರಾಯದಿಂದ ಆಗುವ ದೊಡ್ಡ ಕೇಡು ಇದೇ: ಅದು ನಮ್ಮನ್ನು ಸುಮ್ಮನೆ ಕೂರಿಸುತ್ತದೆ. ಹುಸಿ ಅಪರಾಧಿಯನ್ನು ಹಿಡಿದ ಊರಿನಲ್ಲಿ ನಿಜವಾದ ಅಪರಾಧಿ ನಿಶ್ಚಿಂತೆಯಿಂದ ತಿರುಗಾಡುತ್ತಾನೆ.

ಕೆಲವೊಮ್ಮೆ ಕೇಡು ಅಷ್ಟಕ್ಕೇ ನಿಲ್ಲುವುದಿಲ್ಲ. 2020ರ ಏಪ್ರಿಲಿನಲ್ಲಿ, ಕೊರೋನಾ ರೋಗವನ್ನು ಹರಡುತ್ತಿರುವುದು 5ಜಿ ಎಂಬ ವದಂತಿಯನ್ನು ನಂಬಿ ಬ್ರಿಟನ್ನಿನಲ್ಲಿ ಜನ ಹತ್ತಾರು ಗೋಪುರಗಳಿಗೆ ಬೆಂಕಿಯಿಟ್ಟರು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ರೋಗಿಗಳಿಗಾಗಿಯೇ ತೆರೆದಿದ್ದ ಆಸ್ಪತ್ರೆಗೆ ಸಂಪರ್ಕ ಒದಗಿಸುತ್ತಿದ್ದ ಗೋಪುರವೂ ಸುಟ್ಟವುಗಳಲ್ಲಿ ಒಂದು. ಅಲ್ಲಿ ಹಾಸಿಗೆ ಹಿಡಿಯಬಹುದಾಗಿದ್ದವರು ಮನೆಯವರ ದನಿ ಕೇಳಲು ಇದ್ದ ದಾರಿಯನ್ನೇ ಆ ಬೆಂಕಿ ಸುಟ್ಟಿತು. ನಮ್ಮಲ್ಲಿಯೂ ಅದೇ ವದಂತಿ ಹಬ್ಬಿ, 2021ರ ಮೇ ತಿಂಗಳಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಅದು ಸುಳ್ಳೆಂದು ಪ್ರಕಟಣೆ ಕೊಡಬೇಕಾಯಿತು. ಆಗ ನಮ್ಮ ದೇಶದಲ್ಲಿ 5ಜಿ ಸೇವೆ ಆರಂಭವೇ ಆಗಿರಲಿಲ್ಲ. ಅದು ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಟೀ ಅಂಗಡಿಯ ಮಾತು ಟೀಯೊಂದಿಗೇ ಆರಿಹೋಗುತ್ತಿದ್ದ ಕಾಲ ಮುಗಿಯಿತು. ಇಂದು ಅದು ಗಳಿಗೆಯೊಳಗೆ ಸಾವಿರ ಊರುಗಳನ್ನು ಮುಟ್ಟುತ್ತದೆ. ಆದುದರಿಂದ ಮಾತನಾಡುವವನ ಹೊಣೆಯೂ ಸಾವಿರ ಪಟ್ಟು ಹೆಚ್ಚಿದೆ.

ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಬೇಡ. ಪಂಡಿತರು ಮಾತ್ರವೇ ವಿಜ್ಞಾನವನ್ನು ಕುರಿತು ಮಾತನಾಡಬೇಕೆಂದರೆ ವಿಜ್ಞಾನವೂ ಬಡವಾಗುತ್ತದೆ, ನಾಡೂ ಬಡವಾಗುತ್ತದೆ. ಮಾತನಾಡೋಣ, ವಾದಿಸೋಣ, ನಗೋಣ. ಆದರೆ ಮಾತಿನ ಕೊನೆಗೆ ಒಂದು ಪ್ರಶ್ನೆಯನ್ನು ಸೇರಿಸೋಣ: “ಇದು ನಮಗೆ ಹೇಗೆ ಗೊತ್ತು?” ‘ಹೀಗಂತೆ’ ಎಂಬ ಮಾತನ್ನು ‘ಹೀಗೆ’ ಎಂದು ಬದಲಾಯಿಸುವ ಮುಂಚೆ ಒಂದು ದಿನ ತಡೆಯೋಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ಮಕ್ಕಳು ನಾವು. ಪ್ರತ್ಯಕ್ಷವಾಗಿ ಕಾಣದುದನ್ನು ಪ್ರಮಾಣವಿಲ್ಲದೆ ಇತರರಿಗೆ ದಾಟಿಸುವುದು ನಮಗೆ ಶೋಭಿಸುವುದಿಲ್ಲ.

ಒಂದು ಪ್ರಶ್ನೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಗುಬ್ಬಚ್ಚಿಯ ಕಥೆಯಲ್ಲಿಯೇ ನಿದರ್ಶನವಿದೆ. ಮುಂಬಯಿಯಲ್ಲಿ ಸಲೀಂ ಅಲಿ ಎಂಬ ಬಾಲಕ ತನ್ನ ಸಣ್ಣ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕೊರಳಲ್ಲಿ ಹಳದಿಯ ಮಚ್ಚೆಯಿತ್ತು. ಇದು ಮನೆಯ ಗುಬ್ಬಿಯಂತಿಲ್ಲವಲ್ಲ, ಏಕೆ ಎಂಬ ಪ್ರಶ್ನೆ ಅವನಿಗೆ ಹುಟ್ಟಿತು. ಉತ್ತರವನ್ನು ಅವನು ತಾನೇ ಕಟ್ಟಿಕೊಳ್ಳಲಿಲ್ಲ. ಸತ್ತ ಹಕ್ಕಿಯನ್ನು ಹಿಡಿದುಕೊಂಡು ಮುಂಬಯಿಯ ಪ್ರಕೃತಿ ಇತಿಹಾಸ ಸಂಘಕ್ಕೆ ಹೋಗಿ, ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಎಂಬವರನ್ನು ಕೇಳಿದ. ಅವರು ಕಪಾಟುಗಳನ್ನು ತೆರೆದು ಸಾಲುಸಾಲಾಗಿ ಜೋಡಿಸಿದ್ದ ಹಕ್ಕಿಗಳನ್ನು ತೋರಿಸಿದರು. ಆ ಬಾಲಕನೇ ಮುಂದೆ ಭಾರತದ ಪಕ್ಷಿವಿಜ್ಞಾನದ ಹಿರಿಯನಾಗಿ ಬೆಳೆದ. 1985ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ ಅವರು ಅದಕ್ಕೆ ಇಟ್ಟ ಹೆಸರಿನಲ್ಲಿಯೂ ಬಿದ್ದ ಗುಬ್ಬಿಯ ನೆನಪೇ ಇದೆ.

ನಮ್ಮ ಟೀ ಅಂಗಡಿಯ ಮಾತು ಈಗಲೂ ನಿಂತಿಲ್ಲ. ಆದರೆ ಒಂದು ಸಣ್ಣ ವ್ಯತ್ಯಾಸವಾಗಿದೆ. ಅಜ್ಜಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ ಮೇಷ್ಟ್ರು ಒಂದು ಹಲಗೆಯ ಪೆಟ್ಟಿಗೆಗೆ ರಂಧ್ರ ಕೊರೆಸಿ ತಮ್ಮ ಮನೆಯ ಸೂರಿನ ಕೆಳಗೆ ತೂಗುಹಾಕಿದ್ದಾರೆ. ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ನೀರಿದೆ. ಕಾಂಪೌಂಡಿನ ಅಂಚಿನ ಎರಡು ಸಾಲು ಕಲ್ಲನ್ನು ಎಬ್ಬಿಸಿ ಗಿಡ ನೆಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಕಾಲು ಗಂಟೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ, ಮೊಮ್ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ.

ಮೊನ್ನೆ ನಾನು ಕೇಳಿದೆ: “ಗುಬ್ಬಿ ಬಂತೆ ಮೇಷ್ಟ್ರೇ?”

“ಇನ್ನೂ ಇಲ್ಲ. ಹನ್ನೊಂದು ವಾರದಿಂದ ಗುಬ್ಬಿಯ ಮುಂದೆ ಸೊನ್ನೆಯನ್ನೇ ಬರೆಯುತ್ತಿದ್ದೇನೆ” ಎಂದರು. ಸ್ವಲ್ಪ ಹೊತ್ತು ಗೋಪುರದತ್ತ ನೋಡಿ, ಮತ್ತೆ ಹೇಳಿದರು: “ಆದರೆ ಈ ಸೊನ್ನೆ ನಾನೇ ನೋಡಿ ಬರೆದದ್ದು. ಮೊದಲು ನಾನು ಹೇಳುತ್ತಿದ್ದುದೆಲ್ಲ ಯಾರೋ ಹೇಳಿದ್ದು.”